ಪರೀಕ್ಷೆಯ ಹಿಂದಿನ ವಾರದ ಪಥ್ಯ

ಮಧುಮೇಹ ಇದೆಯೆಂದು ಗೊತ್ತಾದ ಮೊದಲ ಮೂರು ವರ್ಷ ನಾನು ಕಾಯಿಲೆಗಿಂತ ಹೆಚ್ಚಾಗಿ ರಕ್ತಪರೀಕ್ಷೆಯನ್ನು ನಿಭಾಯಿಸುತ್ತಿದ್ದೆ. ವೈದ್ಯರನ್ನು ಕಾಣುವ ದಿನ ಹತ್ತಿರ ಬರುತ್ತಿದ್ದಂತೆ ಸಿಹಿಯನ್ನು ಮುಟ್ಟದೆ, ರಾತ್ರಿಯ ಊಟವನ್ನು ಅರ್ಧಕ್ಕಿಳಿಸಿ, ಬೆಳಿಗ್ಗೆ ಬೇಗನೆದ್ದು ಬೆವರುವಷ್ಟು ನಡೆದು, ಒಂದು ವಾರದ ಮಟ್ಟಿಗೆ ಆದರ್ಶ ರೋಗಿಯಾಗಿಬಿಡುತ್ತಿದ್ದೆ. ವರದಿ ಕೈಗೆ ಬಂದ ಸಂಜೆಯಿಂದಲೇ ಹಳೆಯ ದಿನಚರಿ ಮರಳುತ್ತಿತ್ತು. ಹೀಗೆ ಒಮ್ಮೆ ಖಾಲಿ ಹೊಟ್ಟೆಯ ಸಕ್ಕರೆ 118 ಬಂದುದನ್ನು ನೋಡಿ ನಾನು ಒಳಗೊಳಗೇ ಹಿಗ್ಗುತ್ತಿದ್ದಾಗ, ವೈದ್ಯರು ವರದಿಯ ಕೆಳಗಿನ ಸಾಲಿನ ಮೇಲೆ ಪೆನ್ನಿನ ತುದಿಯಿಟ್ಟರು. ಅಲ್ಲಿ ಎಚ್‌ಬಿಎ1ಸಿ ಶೇಕಡಾ 8.4 ಎಂದಿತ್ತು. “ಪರೀಕ್ಷೆಗೆ ಎಷ್ಟು ದಿನ ಮುಂಚಿನಿಂದ ಪಥ್ಯ ಮಾಡಿದಿರಿ?” ಎಂದು ಅವರು ಕೇಳಿದಾಗ ಧ್ವನಿಯಲ್ಲಿ ಬೈಗುಳವೇನೂ ಇರಲಿಲ್ಲ; ಆದರೂ ನಕಲು ಹೊಡೆಯುವಾಗ ಸಿಕ್ಕಿಬಿದ್ದ ಹುಡುಗನ ಅವಸ್ಥೆ ನನ್ನದಾಯಿತು.

ನಾನು ಸಿಕ್ಕಿಬಿದ್ದದ್ದು ಕೆಂಪು ರಕ್ತಕಣಗಳ ಕೈಯಲ್ಲಿ. ರಕ್ತದಲ್ಲಿ ಓಡಾಡುವ ಗ್ಲುಕೋಸ್ ಈ ಕಣಗಳೊಳಗಿನ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ, ಅಂಟಿದ್ದು ಕಣ ಸಾಯುವವರೆಗೂ ಬಿಡುವುದಿಲ್ಲ. ಒಂದೊಂದು ಕಣದ ಆಯುಸ್ಸು ಸುಮಾರು 120 ದಿನಗಳಾದ್ದರಿಂದ, ಎಷ್ಟು ಪಾಲು ಹಿಮೋಗ್ಲೋಬಿನ್‌ಗೆ ಸಕ್ಕರೆ ಅಂಟಿದೆ ಎಂಬುದನ್ನು ಅಳೆದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಹೊರಬೀಳುತ್ತದೆ. ಅದರಲ್ಲೂ ಇತ್ತೀಚಿನ ತಿಂಗಳಿನ ಪಾಲೇ ಹೆಚ್ಚು. ಈ ಅಳತೆಯೇ ಎಚ್‌ಬಿಎ1ಸಿ; ಅದು ಶೇಕಡಾ 7 ಎಂದರೆ ಸರಾಸರಿ ಸಕ್ಕರೆ ಡೆಸಿಲೀಟರಿಗೆ 154 ಮಿಲಿಗ್ರಾಂ ಆಸುಪಾಸು, ನನ್ನ 8.4 ಎಂದರೆ 194ರ ಆಸುಪಾಸು. ಒಂದು ವಾರದ ಪಥ್ಯದಿಂದ ಈ ಲೆಕ್ಕವನ್ನು ತಿದ್ದಲು ಬರುವುದಿಲ್ಲ. ಹಾಗೆಂದು ಈ ಪರೀಕ್ಷೆಯೂ ಎಲ್ಲರ ವಿಷಯದಲ್ಲಿ ಒಂದೇ ಬಗೆಯಲ್ಲಿ ನಂಬಲರ್ಹವಲ್ಲ. ರಕ್ತಹೀನತೆ ಇದ್ದವರಲ್ಲಿ, ಇತ್ತೀಚೆಗೆ ರಕ್ತ ಹಾಕಿಸಿಕೊಂಡವರಲ್ಲಿ, ಹಿಮೋಗ್ಲೋಬಿನ್‌ನ ರಚನೆಯಲ್ಲೇ ಹುಟ್ಟಿನಿಂದ ವ್ಯತ್ಯಾಸವಿರುವವರಲ್ಲಿ ಅದು ದಾರಿ ತಪ್ಪಿಸಬಹುದಾದ್ದರಿಂದ, ಮನೆಯ ಗ್ಲುಕೋಮೀಟರ್ ಹೇಳುವುದಕ್ಕೂ ಪ್ರಯೋಗಾಲಯ ಹೇಳುವುದಕ್ಕೂ ತಾಳೆಯಾಗದಿದ್ದರೆ ವೈದ್ಯರ ಗಮನಕ್ಕೆ ತರಬೇಕು.

ಅಂದಿನಿಂದ ನಾನು ಮಾಡಿಕೊಂಡ ದೊಡ್ಡ ಬದಲಾವಣೆಯೆಂದರೆ, ಗ್ಲುಕೋಮೀಟರಿನ ಸಂಖ್ಯೆಯನ್ನು ಅಂಕಪಟ್ಟಿಯಂತೆ ಓದುವುದನ್ನು ಬಿಟ್ಟದ್ದು. ಮೊದಲು 140 ಕಂಡರೆ ಸಂತೋಷ, 220 ಕಂಡರೆ ಬೇಸರ, ಬೇಸರವಾದೀತೆಂಬ ಭಯಕ್ಕೆ ಹಬ್ಬದೂಟದ ದಿನ ಪರೀಕ್ಷೆಯೇ ಇಲ್ಲ. ಅಂದರೆ ಯಾವ ದಿನದ ಸಂಖ್ಯೆಯಿಂದ ಏನಾದರೂ ಕಲಿಯಬಹುದಿತ್ತೋ ಆ ದಿನವೇ ಯಂತ್ರ ಡಬ್ಬಿಯಲ್ಲಿರುತ್ತಿತ್ತು. ಈಗ ಪ್ರತಿ ಸಂಖ್ಯೆಯ ಪಕ್ಕದಲ್ಲಿ ಅದಕ್ಕೆ ಮುಂಚೆ ಏನು ನಡೆಯಿತೆಂದು ನಾಲ್ಕು ಪದ ಬರೆಯುತ್ತೇನೆ: ಏನು ತಿಂದೆ, ಎಷ್ಟು ನಡೆದೆ, ನಿದ್ದೆ ಹೇಗಿತ್ತು, ಮಾತ್ರೆ ತಪ್ಪಿತೇ. ಒಂದೇ ತಿಂಡಿಯನ್ನು ನಾಲ್ಕು ಬೆಳಿಗ್ಗೆ ತಿಂದು, ತಿನ್ನುವ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಮ್ಮೆ ಪರೀಕ್ಷಿಸಿದರೆ ಆ ತಿಂಡಿ ನಿಮ್ಮ ಮೈಗೆ ಏನು ಮಾಡುತ್ತದೆ ಎಂಬುದು ಯಾವ ಪಥ್ಯದ ಪಟ್ಟಿಗಿಂತಲೂ ಚೆನ್ನಾಗಿ ಗೊತ್ತಾಗುತ್ತದೆ. ಗರ್ಭಿಣಿಯರಲ್ಲದ ಹಲವು ವಯಸ್ಕರಿಗೆ ಊಟಕ್ಕೆ ಮುಂಚೆ 80ರಿಂದ 130, ಊಟವಾದ ಒಂದೆರಡು ಗಂಟೆಗೆ 180ರೊಳಗೆ ಎಂಬ ಗುರಿಯನ್ನು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ವಯಸ್ಸಾದವರಿಗೆ, ಹೃದಯದ ಅಥವಾ ಮೂತ್ರಪಿಂಡದ ತೊಂದರೆಯಿರುವವರಿಗೆ, ಸಕ್ಕರೆ ಪದೇಪದೇ ಇಳಿಯುವವರಿಗೆ ಗುರಿಯನ್ನು ಸಡಿಲಿಸುತ್ತಾರಾದ್ದರಿಂದ ಪಕ್ಕದವರ ಗುರಿಯನ್ನು ನಮ್ಮದೆಂದುಕೊಳ್ಳಬಾರದು.

ಯಂತ್ರದ ಮಾತನ್ನು ಕೇಳುವ ಮುಂಚೆ ಕೈ ತೊಳೆಯಬೇಕು. ಇದು ಎಷ್ಟು ಮುಖ್ಯ ಎಂಬುದು ನನಗೆ ಒಂದು ಮಧ್ಯಾಹ್ನ ಕಿತ್ತಳೆ ಹಣ್ಣು ಸುಲಿದಾಗ ಗೊತ್ತಾಯಿತು. ಮಕ್ಕಳಿಗೆಂದು ಸುಲಿದುಕೊಟ್ಟು, ನಾನು ಒಂದು ತೊಳೆಯನ್ನೂ ತಿನ್ನದೆ, ಕೈಯನ್ನು ಬಟ್ಟೆಗೆ ಒರೆಸಿಕೊಂಡು ಬೆರಳು ಚುಚ್ಚಿದೆ, 241 ಬಂತು. ಗಾಬರಿಯಿಂದ ಸೋಪು ಹಚ್ಚಿ ಕೈ ತೊಳೆದು, ಚೆನ್ನಾಗಿ ಒಣಗಿಸಿ, ಐದು ನಿಮಿಷದೊಳಗೆ ಬೇರೆ ಬೆರಳಿನಿಂದ ನೋಡಿದರೆ 136. ಉಳಿದ 105 ನನ್ನ ರಕ್ತದಲ್ಲಿ ಇರಲೇ ಇಲ್ಲ, ಬೆರಳಿನ ಚರ್ಮಕ್ಕೆ ಮೆತ್ತಿಕೊಂಡಿದ್ದ ರಸದಲ್ಲಿತ್ತು. ಸಂಖ್ಯೆ 100 ಇರುವಾಗ ಐದು ಲೀಟರ್ ರಕ್ತದಲ್ಲಿ ಕರಗಿರುವ ಗ್ಲುಕೋಸ್ ಒಟ್ಟು ಐದು ಗ್ರಾಂ, ಹೆಚ್ಚುಕಡಿಮೆ ಒಂದು ಟೀ ಚಮಚದಷ್ಟು ಎಂಬುದನ್ನು ನೆನೆದರೆ, ಬೆರಳಿನ ತುದಿಯ ಒಂದು ಹನಿಯನ್ನು ಕೆಡಿಸಲು ಎಷ್ಟು ಅಲ್ಪ ಸಿಹಿ ಸಾಕು ಎಂಬುದು ಅರ್ಥವಾಗುತ್ತದೆ. ಆಮೇಲೆ, ಬೆರಳಿನ ನಡುಭಾಗಕ್ಕಿಂತ ಅಂಚಿನಲ್ಲಿ ಚುಚ್ಚಿದರೆ ನೋವು ಕಡಿಮೆ. ಸ್ಟ್ರಿಪ್ಪುಗಳ ಡಬ್ಬಿಯ ಮುಚ್ಚಳವನ್ನು ತೆರೆದಿಟ್ಟರೆ ಗಾಳಿಯ ತೇವಕ್ಕೆ ಅವು ಕೆಡುತ್ತವೆ. ಒಳ್ಳೆಯ ಯಂತ್ರಕ್ಕೂ ಶೇಕಡಾ 15ರಷ್ಟು ಆಚೀಚೆ ತೋರಿಸುವ ಅವಕಾಶವನ್ನು ಮಾನದಂಡವೇ ಕೊಟ್ಟಿದೆ. ಆದ್ದರಿಂದ 152 ಮತ್ತು 160ರ ನಡುವೆ ಅರ್ಥ ಹುಡುಕುತ್ತಾ ಕೂರುವುದು ವ್ಯರ್ಥ.

ಬಹಳ ಜನರನ್ನು ಕಂಗೆಡಿಸುವ ಇನ್ನೊಂದು ಸಂಖ್ಯೆ ಬೆಳಗಿನದು. ರಾತ್ರಿ ಮಲಗುವಾಗ 125 ಇದ್ದ ಸಕ್ಕರೆ, ಏನನ್ನೂ ತಿನ್ನದೆ ಎದ್ದಾಗ 160 ಆಗಿರುತ್ತದೆ. ನಸುಕಿನಲ್ಲಿ ದೇಹ ಏಳುವ ಸಿದ್ಧತೆ ನಡೆಸುತ್ತಾ ಕಾರ್ಟಿಸಾಲ್ ಮೊದಲಾದ ಹಾರ್ಮೋನುಗಳನ್ನು ಬಿಡುತ್ತದೆ, ಅವುಗಳ ಪ್ರಚೋದನೆಯಿಂದ ಯಕೃತ್ತು ತನ್ನ ದಾಸ್ತಾನಿನ ಗ್ಲುಕೋಸನ್ನು ರಕ್ತಕ್ಕೆ ಸುರಿಯುತ್ತದೆ, ಇನ್ಸುಲಿನ್ ಸಾಲದವರಲ್ಲಿ ಅದು ಹಾಗೇ ಉಳಿಯುತ್ತದೆ. ಇದಕ್ಕೆ ರಾತ್ರಿ ಉಪವಾಸ ಮಲಗುವುದು ಮದ್ದಲ್ಲ. ನಾನು ಅದನ್ನೂ ಮಾಡಿ ನೋಡಿ, ಹಸಿವನ್ನಷ್ಟೇ ಗಳಿಸಿದ್ದೇನೆ. ವಾರಕ್ಕೆ ಮೂರು ನಾಲ್ಕು ದಿನ ಮಲಗುವಾಗಿನ ಮತ್ತು ಎದ್ದಾಗಿನ ಸಂಖ್ಯೆಗಳನ್ನು ಜೋಡಿಯಾಗಿ ಬರೆದಿಟ್ಟು ತೋರಿಸಿದರೆ ಔಷಧದ ಹೊತ್ತನ್ನೋ ಪ್ರಮಾಣವನ್ನೋ ಬದಲಿಸಲು ವೈದ್ಯರಿಗೆ ಆಧಾರ ಸಿಗುತ್ತದೆ.

ಊಟದ ವಿಷಯದಲ್ಲಿ ನನಗೆ ಸಿಕ್ಕಿದ ಸಲಹೆಗಳಲ್ಲಿ ಮುಕ್ಕಾಲು ಪಾಲು ಏನನ್ನು ತಿನ್ನಬಾರದೆಂಬ ಪಟ್ಟಿಗಳು. ಅವುಗಳನ್ನೆಲ್ಲ ಕೂಡಿಸಿದರೆ ತಟ್ಟೆಯಲ್ಲಿ ನೀರು ಮಾತ್ರ ಉಳಿಯುತ್ತದೆ. ಸಂಖ್ಯೆಗಳನ್ನು ಬರೆದಿಡುವ ನನ್ನ ಪುಸ್ತಕದ ಪುಟಗಳು ಹೇಳಿದ್ದು ಬೇರೆ: ಏರಿಕೆಯನ್ನು ನಿರ್ಧರಿಸುವುದು ಮೊದಲನೆಯದಾಗಿ ಪಿಷ್ಟದ ಪ್ರಮಾಣ, ಆಮೇಲೆ ಅದರ ಜೊತೆಗೆ ಏನಿತ್ತು ಎಂಬುದು. ತಟ್ಟೆಯ ಅರ್ಧವನ್ನು ಪಿಷ್ಟವಿಲ್ಲದ ತರಕಾರಿಗೆ, ಕಾಲು ಭಾಗವನ್ನು ಕಾಳು, ಮೊಟ್ಟೆ, ಮೀನಿನಂಥ ಪ್ರೋಟೀನಿಗೆ, ಉಳಿದ ಕಾಲು ಭಾಗವನ್ನು ಧಾನ್ಯಕ್ಕೆ ಬಿಟ್ಟರೆ ತೂಕದ ಯಂತ್ರವಿಲ್ಲದೆಯೂ ಅಳತೆ ನಡೆಯುತ್ತದೆ. ಅದೇ ಊಟವನ್ನು, ಅದೇ ಪ್ರಮಾಣದಲ್ಲಿ, ತರಕಾರಿ ಮತ್ತು ಪ್ರೋಟೀನನ್ನು ಮೊದಲು ಮುಗಿಸಿ ಧಾನ್ಯವನ್ನು ಕೊನೆಗೆ ತಿಂದರೆ ಸಕ್ಕರೆ ಅಷ್ಟು ಕಡಿದಾಗಿ ಏರುವುದಿಲ್ಲ ಎಂದು ಓದಿದಾಗ ನನಗೆ ನಂಬಿಕೆಯಿರಲಿಲ್ಲ. ಸರದಿಯನ್ನು ಅದಲುಬದಲು ಮಾಡಿ ಎರಡು ವಾರ ಅಳೆದ ಮೇಲೆ ನಂಬಿದೆ. ಇಡೀ ಹಣ್ಣಿಗೂ ಅದರ ರಸಕ್ಕೂ ಇರುವ ಅಂತರವೂ ಇಂಥದ್ದೇ. ಹಣ್ಣನ್ನು ಅಗಿದು ತಿನ್ನುವಾಗ ನಾರು ತಡೆಯೊಡ್ಡುತ್ತದೆ, ಒಂದು ಹಣ್ಣಿಗೆ ಹೊಟ್ಟೆಗೂ ಸಮಾಧಾನವಾಗುತ್ತದೆ. ಲೋಟ ತುಂಬಲು ಮೂರು ನಾಲ್ಕು ಹಣ್ಣು ಹಿಂಡಬೇಕು, ಅದು ಎರಡು ನಿಮಿಷದಲ್ಲಿ ಗಂಟಲಿನಿಂದ ಇಳಿದುಹೋಗುತ್ತದೆ.

ಬಿಳಿ ಸಕ್ಕರೆಯ ಬದಲು ಜೇನುತುಪ್ಪ ಬಳಸಿದರೆ ಏನೂ ಆಗದು ಎಂಬ ಭರವಸೆಯನ್ನು ಯಾರು ಹುಟ್ಟುಹಾಕಿದರೋ ತಿಳಿಯದು. ಜೇನುತುಪ್ಪದ ಬಹುಪಾಲು ಗ್ಲುಕೋಸ್ ಮತ್ತು ಫ್ರಕ್ಟೋಸ್. ರಕ್ತ ಅದರ ಮೂಲವನ್ನು ವಿಚಾರಿಸುವುದಿಲ್ಲ. ‘ಶುಗರ್ ಫ್ರೀ’ ಎಂದು ಬರೆದ ಬಿಸ್ಕತ್ತಿನ ಪೊಟ್ಟಣವನ್ನು ಹಿಂದಕ್ಕೆ ತಿರುಗಿಸಿ, ಸಕ್ಕರೆಯ ಸಾಲನ್ನು ಬಿಟ್ಟು ಒಟ್ಟು ಕಾರ್ಬೋಹೈಡ್ರೇಟ್ ಎಂಬ ಸಾಲನ್ನು ಓದಬೇಕು, ಅದನ್ನೂ ಎಷ್ಟು ಗ್ರಾಮಿಗೆ ಎಂದು ನೋಡಿ ಓದಬೇಕು. ಹಿಟ್ಟು ಹಿಟ್ಟೇ ಆಗಿರುತ್ತದೆ.

ನಡಿಗೆಯ ಬಗ್ಗೆ ಎಲ್ಲರೂ ಹೇಳುತ್ತಾರೆ, ವಾರಕ್ಕೆ 150 ನಿಮಿಷ ಎಂಬ ಲೆಕ್ಕವೂ ಗೊತ್ತಿರುತ್ತದೆ. ಯಾವಾಗ ನಡೆಯಬೇಕು ಎಂಬುದಕ್ಕೆ ಮಾತ್ರ ಯಾರೂ ಅಷ್ಟು ಮಹತ್ವ ಕೊಡುವುದಿಲ್ಲ. ಸ್ನಾಯುಗಳು ಕೆಲಸ ಮಾಡುವಾಗ ಇನ್ಸುಲಿನ್‌ಗಾಗಿ ಕಾಯದೆಯೂ ಗ್ಲುಕೋಸನ್ನು ಒಳಗೆಳೆದುಕೊಳ್ಳಬಲ್ಲವು. ಆದ್ದರಿಂದ ಊಟದಿಂದ ಸಕ್ಕರೆ ಏರತೊಡಗುವ ಹೊತ್ತಿನಲ್ಲೇ, ಅಂದರೆ ಕೈತೊಳೆದ ಸ್ವಲ್ಪ ಹೊತ್ತಿಗೆ, ಹತ್ತು ಹದಿನೈದು ನಿಮಿಷ ಆರಾಮವಾಗಿ ಹೆಜ್ಜೆ ಹಾಕಿದರೂ ಏರಿಕೆ ತಗ್ಗುತ್ತದೆ. ರಾತ್ರಿಯೂಟದ ನಂತರ ಮನೆಯೊಳಗೇ ಫೋನಿನಲ್ಲಿ ಮಾತಾಡುತ್ತಾ ಓಡಾಡುವುದು ನನಗೆ ಬೆಳಗಿನ ವೀರಾವೇಶದ ನಡಿಗೆಗಿಂತ ಹೆಚ್ಚು ದಕ್ಕಿದೆ. ವಾರಕ್ಕೆರಡು ದಿನ ಭಾರ ಎತ್ತುವ, ಕುರ್ಚಿಯಿಂದ ಕೈಯೂರದೆ ಏಳುವಂಥ ವ್ಯಾಯಾಮಗಳೂ ಬೇಕು, ಏಕೆಂದರೆ ಗ್ಲುಕೋಸನ್ನು ಖರ್ಚು ಮಾಡುವ ಸ್ನಾಯುವೇ ವಯಸ್ಸಿನೊಂದಿಗೆ ಕರಗುತ್ತಾ ಹೋಗುತ್ತದೆ.

ಮಾತ್ರೆಗಳಲ್ಲಿ ಮೆಟ್‌ಫಾರ್ಮಿನ್ ಬಹುತೇಕ ನಮ್ಮೆಲ್ಲರ ಪರಿಚಿತ. ಊಟದ ಜೊತೆಗೆ ನುಂಗಿದರೆ ಹೊಟ್ಟೆಯ ತಳಮಳ ಕಡಿಮೆ. ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿ ವಿಟಮಿನ್ ಬಿ12 ಕುಗ್ಗುವ ಸಾಧ್ಯತೆ ಇರುವುದರಿಂದ ಅದನ್ನು ಆಗಾಗ ಪರೀಕ್ಷಿಸಿಕೊಳ್ಳಬೇಕು, ಏಕೆಂದರೆ ಆ ಕೊರತೆಯಿಂದ ಬರುವ ಪಾದದ ಜೋಮು ಮಧುಮೇಹದ ಜೋಮಿನಂತೆಯೇ ಇರುತ್ತದೆ. ಇನ್ಸುಲಿನ್ ಎಂದರೆ ಕಡೆಯ ಹಂತ ಎಂಬ ಭಯದಲ್ಲಿ ನಾನು ಒಂದೂವರೆ ವರ್ಷ ಚುಚ್ಚುಮದ್ದನ್ನು ಮುಂದೂಡಿದೆ. ಈಗ ಯೋಚಿಸಿದರೆ ಅದು ಶುದ್ಧ ಮೊಂಡುತನ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಮೊತ್ತಮೊದಲು ಇನ್ಸುಲಿನ್ ಪಡೆದ ಲಿಯೊನಾರ್ಡ್ ಥಾಂಪ್ಸನ್ 14 ವರ್ಷದ, ಎಲುಬಿನ ಹಂದರವಾಗಿದ್ದ ಹುಡುಗ. ಮೊದಲ ಚುಚ್ಚುಮದ್ದು ಅಷ್ಟಾಗಿ ಫಲಿಸದೆ, ಇನ್ನಷ್ಟು ಶುದ್ಧಗೊಳಿಸಿದ ಮದ್ದನ್ನು ಕೆಲವೇ ದಿನಗಳಲ್ಲಿ ಕೊಟ್ಟ ಮೇಲೆ ಅವನು ಚೇತರಿಸಿಕೊಂಡು ಮತ್ತೆ 13 ವರ್ಷ ಬದುಕಿದ. ಎರಡನೇ ಬಗೆಯ (ಟೈಪ್ 2) ಮಧುಮೇಹದಲ್ಲೂ ಇನ್ಸುಲಿನ್ ತಯಾರಿಸುವ ಮೇದೋಜೀರಕದ ಸಾಮರ್ಥ್ಯ ವರ್ಷ ಕಳೆದಂತೆ ಕುಂದುವುದು ಸಹಜ. ಇನ್ಸುಲಿನ್ ಬೇಕಾಯಿತೆಂದರೆ ರೋಗಿ ಸೋತನೆಂದು ಅರ್ಥವಿಲ್ಲ.

ಚುಚ್ಚುವ ಜಾಗದ ಬಗ್ಗೆ ಮಾತ್ರ ಯಾರೂ ನನಗೆ ಒತ್ತಿ ಹೇಳಿರಲಿಲ್ಲ, ಅಥವಾ ಹೇಳಿದ್ದನ್ನು ನಾನು ಕೇಳಿಸಿಕೊಂಡಿರಲಿಲ್ಲ. ನೋವಾಗದ ಒಂದು ಜಾಗ ಹೊಕ್ಕುಳಿನ ಬಲಕ್ಕೆ ಸಿಕ್ಕಿತೆಂದು ತಿಂಗಳುಗಟ್ಟಲೆ ಅಲ್ಲೇ ಚುಚ್ಚಿಕೊಂಡೆ. ಅಲ್ಲಿ ಚರ್ಮದಡಿ ಕೊಬ್ಬು ಗಂಟುಕಟ್ಟಿ, ಇನ್ಸುಲಿನ್ ಸರಿಯಾಗಿ ಹೀರಿಕೊಳ್ಳದೆ, ಸಕ್ಕರೆ ಏರುತ್ತಾ, ಪ್ರಮಾಣವೂ ಏರುತ್ತಾ ಹೋಯಿತು. ಒಂದು ಸಂಜೆ ಗಂಟು ಕೈಗೆ ತಗುಲಿ, ಯಾರನ್ನೂ ಕೇಳದೆ, ಅದೇ ಹೆಚ್ಚಿದ ಪ್ರಮಾಣವನ್ನು ಎಡ ತೊಡೆಗೆ ಚುಚ್ಚಿಕೊಂಡು, ಎಂದಿಗಿಂತ ತುಸು ಹೆಚ್ಚೇ ನಡೆದು ಮಲಗಿದೆ. ಹೊಸ ಜಾಗ ಇಡೀ ಮದ್ದನ್ನು ಹೀರಿಕೊಂಡಿತು. ರಾತ್ರಿ ಎರಡೂ ಮುಕ್ಕಾಲಕ್ಕೆ ಹೆಂಡತಿ ಭುಜ ಅಲ್ಲಾಡಿಸಿ, “ಏನ್ರೀ, ದಿಂಬೆಲ್ಲ ಒದ್ದೆಯಾಗಿದೆಯಲ್ಲ” ಎಂದಾಗ ಅವಳ ಮೇಲೆ ವಿನಾಕಾರಣ ರೇಗಿದ್ದು ನೆನಪಿದೆ. ಕೈ ನಡುಗುತ್ತಿತ್ತು, ನಾಲಿಗೆ ತೊದಲುತ್ತಿತ್ತು, ಬೆರಳು ಚುಚ್ಚಿ ನೋಡಿದ್ದೂ ಅವಳೇ. 52 ಇತ್ತು.

ಆಗ ನಾವಿಬ್ಬರೂ ಮಾಡಿದ ತಪ್ಪು ಚಾಕೊಲೇಟ್ ಹುಡುಕಿದ್ದು. ಅದರಲ್ಲಿನ ಕೊಬ್ಬಿನಿಂದಾಗಿ ಸಕ್ಕರೆ ರಕ್ತಕ್ಕಿಳಿಯುವುದು ತಡವಾಗುತ್ತದೆ. ಇಪ್ಪತ್ತು ನಿಮಿಷವಾದರೂ ನಾನು ಹೆಚ್ಚೇನೂ ಚೇತರಿಸಿಕೊಳ್ಳಲಿಲ್ಲ. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಬೇಕಾಗಿರುವುದು ಬೇಗ ಕರಗುವ 15 ಗ್ರಾಂ ಸಿಹಿ: ನೀರಿನಲ್ಲಿ ಕದಡಿದ ಮೂರು ಟೀ ಚಮಚ ಸಕ್ಕರೆ, ಅರ್ಧ ಲೋಟ ಹಣ್ಣಿನ ರಸ, ಅಥವಾ ಗ್ಲುಕೋಸ್ ಮಾತ್ರೆಗಳು. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಇನ್ನೂ 70 ದಾಟದಿದ್ದರೆ ಮತ್ತೊಮ್ಮೆ ಅಷ್ಟೇ. ಸರಿಹೋದ ಮೇಲೆ ಮುಂದಿನ ಊಟ ದೂರವಿದ್ದರೆ ಏನಾದರೂ ಸ್ವಲ್ಪ ತಿನ್ನಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಅದು ಶ್ವಾಸನಾಳಕ್ಕೆ ಹೋಗಬಹುದು. ತುರ್ತು ನೆರವನ್ನೇ ಕರೆಯಬೇಕು. ಈಗ ನನ್ನ ಮಂಚದ ಪಕ್ಕದಲ್ಲಿ, ಬ್ಯಾಗಿನಲ್ಲಿ, ಕೆಲಸದ ಮೇಜಿನ ಡ್ರಾಯರಿನಲ್ಲಿ ಗ್ಲುಕೋಸ್ ಇದೆ. ಚುಚ್ಚುವ ಜಾಗವನ್ನು ಹಿಂದಿನದರಿಂದ ಒಂದು ಬೆರಳಿನಗಲವಾದರೂ ದೂರ ಸರಿಸುತ್ತೇನೆ, ಮತ್ತು ಗಂಟಿನ ಜಾಗ ಬಿಟ್ಟು ಹೊಸ ಜಾಗಕ್ಕೆ ಹೋಗುವಾಗ ಪ್ರಮಾಣ ಇಳಿಸಬೇಕಾಗಬಹುದು ಎಂಬುದನ್ನು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕೆಂದು ಇದನ್ನು ಓದುವವರಿಗೆ ಒತ್ತಿ ಹೇಳುತ್ತೇನೆ.

ಇಷ್ಟೆಲ್ಲ ಸಂಖ್ಯೆಗಳ ನಡುವೆ ಯಾವ ಯಂತ್ರವೂ ಅಳೆಯದ ಒಂದು ಜಾಗವಿದೆ, ಅದು ಪಾದ. ಹೆಚ್ಚಿದ ಸಕ್ಕರೆ ವರ್ಷಗಳ ಕಾಲ ನರಗಳನ್ನು ಸವೆಸುವಾಗ ಮೊದಲು ಮಂಕಾಗುವುದು ದೇಹದ ಅತಿ ಉದ್ದದ ನರಗಳು, ಅಂದರೆ ಬೆರಳ ತುದಿಯವರೆಗೆ ಹೋಗುವವು. ನೋವಿಲ್ಲವೆಂದರೆ ಗಾಯವಿಲ್ಲ ಎಂಬ ಜೀವಮಾನದ ನಂಬಿಕೆ ಅಲ್ಲಿಗೆ ಮುಗಿಯಿತು. ಒಮ್ಮೆ ಸಂಜೆ ಬೂಟು ಬಿಚ್ಚಿದಾಗ ಒಳಗಿನಿಂದ ಅಂಗಿಯ ಗುಂಡಿಯೊಂದು ಉರುಳಿತು; ಬೆಳಿಗ್ಗೆ ಎಂಟರಿಂದ ನಾನು ಅದರ ಮೇಲೆಯೇ ನಡೆದಾಡಿದ್ದೆ. ಹೆಬ್ಬೆರಳ ಬುಡದಲ್ಲಿ ಗುಂಡಿಯಷ್ಟೇ ಅಗಲದ, ಅದರ ನಾಲ್ಕು ತೂತುಗಳ ಗುರುತೂ ಮೂಡಿದ್ದ ಕೆಂಪು ಗುಳ್ಳೆ. ಅದು ಒಡೆದು, ಹುಣ್ಣಾಗಿ, ಪೂರ್ತಿ ಮಾಯಲು ಆರು ವಾರ ಬೇಕಾಯಿತು. ಅಂದಿನಿಂದ ಬೂಟನ್ನು ತಲೆಕೆಳಗು ಮಾಡಿ ತಟ್ಟಿ, ಒಳಗೆ ಕೈಯಾಡಿಸಿಯೇ ಹಾಕಿಕೊಳ್ಳುವುದು. ರಾತ್ರಿ ಮಲಗುವ ಮುನ್ನ ಅಂಗಾಲನ್ನು ಕನ್ನಡಿ ಹಿಡಿದು ನೋಡುವುದು. ಬೆರಳ ಸಂದಿಯ ತೇವ ಒರೆಸಿ, ಹಿಮ್ಮಡಿಗೆ ಎಣ್ಣೆಯನ್ನೋ ಕ್ರೀಮನ್ನೋ ಹಚ್ಚಿ, ಸಂದಿಗೆ ಮಾತ್ರ ಹಚ್ಚದಿರುವುದು. ಸ್ನಾನದ ನೀರಿನ ಬಿಸಿಯನ್ನು ಪಾದದಿಂದ ಪರೀಕ್ಷಿಸಬಾರದು, ಮೊಣಕೈಯಿಂದ ನೋಡಬೇಕು. ಬಿಸಿನೀರಿನ ಚೀಲವನ್ನು ಕಾಲಿಗೆ ಇಟ್ಟುಕೊಳ್ಳುವುದು, ಆಣಿಯನ್ನು ಬ್ಲೇಡಿನಿಂದ ಕೆತ್ತಿಕೊಳ್ಳುವುದು ಎರಡೂ ಬೇಡ. ಹೊಸ ಪಾದರಕ್ಷೆಯನ್ನು ಸಂಜೆ ಹೊತ್ತು ಕೊಳ್ಳುವುದು ಒಳ್ಳೆಯದು, ದಿನದ ಕೊನೆಗೆ ಪಾದ ತುಸು ಊದಿರುತ್ತದೆ.

ಕಣ್ಣು ಮತ್ತು ಮೂತ್ರಪಿಂಡ ಕೂಡ ಹೀಗೆ ಸದ್ದಿಲ್ಲದೆ ಕೆಡುವ ಅಂಗಗಳೇ. ದೃಷ್ಟಿ ಸ್ಪಷ್ಟವಾಗಿಯೇ ಇದ್ದರೂ ಪಾಪೆ ಹಿಗ್ಗಿಸಿ ಅಕ್ಷಿಪಟಲವನ್ನು ನೋಡಿಸಿಕೊಳ್ಳುವ ಪರೀಕ್ಷೆಯನ್ನು, ಎರಡನೇ ಬಗೆಯವರು ಕಾಯಿಲೆ ಗೊತ್ತಾದಾಗಲೇ ಮಾಡಿಸಿ, ಆಮೇಲೆ ವೈದ್ಯರು ಬೇರೆ ಅವಧಿ ಹೇಳದಿದ್ದರೆ ವರ್ಷಕ್ಕೊಮ್ಮೆ ಮಾಡಿಸಬೇಕು. ಮೂತ್ರದಲ್ಲಿ ಅಲ್ಬುಮಿನ್ ಸೋರುತ್ತಿದೆಯೇ ಎಂಬ ಪರೀಕ್ಷೆಯೂ ವರ್ಷಕ್ಕೊಮ್ಮೆ. ರಕ್ತದೊತ್ತಡ, ಕೊಲೆಸ್ಟರಾಲ್, ವಸಡು, ಇವನ್ನು ಮರೆತು ಸಕ್ಕರೆಯೊಂದನ್ನೇ ಹಿಡಿದು ಕೂರುವಂತಿಲ್ಲ. ಸಿಗರೇಟಿನ ಬಗ್ಗೆ ಹೇಳುವ ಅಗತ್ಯವೇ ಇಲ್ಲ.

ಕೊನೆಯದಾಗಿ, ಜ್ವರ ಬಂದ ದಿನಗಳು. ಊಟ ಸೇರುತ್ತಿಲ್ಲ, ಆದ್ದರಿಂದ ಇನ್ಸುಲಿನ್ ಬೇಡ ಎಂದು ಬಿಟ್ಟುಬಿಡುವುದು ಅತ್ಯಂತ ಸಹಜವಾದ, ಅತ್ಯಂತ ಅಪಾಯದ ತರ್ಕ. ಸೋಂಕಿನ ಒತ್ತಡಕ್ಕೆ ಸಕ್ಕರೆ ಉಪವಾಸದಲ್ಲೂ ಏರುತ್ತದೆ. ಮೊದಲನೇ ಬಗೆಯವರು, ಅಂದರೆ ದೇಹದಲ್ಲಿ ಇನ್ಸುಲಿನ್ ಹೆಚ್ಚುಕಡಿಮೆ ತಯಾರಾಗದವರು, ಚುಚ್ಚುಮದ್ದು ನಿಲ್ಲಿಸಿದರೆ ಒಂದೆರಡು ದಿನದೊಳಗೇ ರಕ್ತ ಆಮ್ಲೀಯವಾಗಿ ಪ್ರಾಣಕ್ಕೆ ಬರಬಹುದು. ಇನ್ನೊಂದೆಡೆ, ವಾಂತಿ ಭೇದಿಯಿಂದ ದೇಹ ಒಣಗಿರುವಾಗ ಮೆಟ್‌ಫಾರ್ಮಿನ್ ಮತ್ತು ಹೆಸರಿನ ಕೊನೆಗೆ ‘ಗ್ಲಿಫ್ಲೋಜಿನ್’ ಎಂದಿರುವ ಮಾತ್ರೆಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಗಬಹುದು. ಯಾವುದನ್ನು ಮುಂದುವರಿಸಬೇಕು, ಯಾವುದನ್ನು ತಡೆಯಬೇಕು, ಎಷ್ಟು ಗಂಟೆಗೊಮ್ಮೆ ಪರೀಕ್ಷಿಸಬೇಕು, ಎಷ್ಟು ಏರಿದರೆ ಅಥವಾ ಎಷ್ಟು ಹೊತ್ತು ಕುಡಿದ ನೀರು ಹೊಟ್ಟೆಯಲ್ಲಿ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಬೇಕು ಎಂಬುದನ್ನು ನಾನು ಗಟ್ಟಿಮುಟ್ಟಾಗಿದ್ದ ದಿನವೇ ವೈದ್ಯರಿಂದ ಕೇಳಿ, ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಜ್ವರದಲ್ಲಿ ಅದನ್ನು ಓದುವವನು ನಾನಾಗಿರುವುದಿಲ್ಲವಾದ್ದರಿಂದ, ನನ್ನ ಕೈಬರಹ ಅರ್ಥವಾಗುವುದಿಲ್ಲವೆಂದು ಹೆಂಡತಿ ಅದನ್ನು ಮರುದಿನವೇ ದಪ್ಪ ಅಕ್ಷರಗಳಲ್ಲಿ ಪ್ರತಿ ಮಾಡಿ ಹಾಕಿದಳು.